ತರಗಿಗೆ ಬೆಂಕಿ ಹಾಕಿದರೆ ಬೂದಿಯಾದರೂ ಗೊಬ್ಬರವಾಗುವುದಿಲ್ಲವೇ?

ಓದುಗರ ಪ್ರಶ್ನೆ: ನಮ್ಮದು ಮಂಡ್ಯ ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ತನಿ ಕಬ್ಬು, ಅಂದ್ರೆ ಹೊಸದಾಗಿ ನೆಟ್ಟ ಬೆಳೆ, ಕಡಿಸಿ ಆಯ್ತು, ಅದರ ಬುಡದಿಂದಲೇ ಮತ್ತೆ ಚಿಗುರೋ ಕೂಳೆ ಬೆಳೆ ಬಿಡಬೇಕು. ತರಗಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಹಾಕಬೇಡಿ ಅಂತ ಎಲ್ಲರೂ ಹೇಳ್ತಾರೆ. ಹಾಗೇ ಬಿಟ್ಟರೆ ನೀರು ಹರಿಯಲ್ಲ, ಗೊಬ್ಬರ ಹಾಕೋಕೆ ಆಗಲ್ಲ, ಹಾವಿನ ಭಯ ಬೇರೆ. ಬೂದಿಯೂ ಗೊಬ್ಬರ ತಾನೆ? ಸುಟ್ಟರೆ ನಿಜವಾಗಿ ಹೋಗೋದೇನು?

ಉತ್ತರ: ಬೂದಿ ಗೊಬ್ಬರ ಅನ್ನುವುದು ಅರ್ಧ ನಿಜ. ಪೊಟ್ಯಾಷ್, ಸುಣ್ಣದ ಅಂಶ, ಒಂದಿಷ್ಟು ರಂಜಕ ಬೂದಿಯಲ್ಲಿ ಉಳಿಯುತ್ತವೆ. ಸಾರಜನಕ ಮತ್ತು ಗಂಧಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಇಂಗಾಲವಂತೂ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಉಳಿದ ಬೂದಿಯೂ ನಿಮ್ಮ ಗದ್ದೆಯಲ್ಲೇ ನಿಲ್ಲುತ್ತದೆ ಎನ್ನುವಂತಿಲ್ಲ. ಸಂಜೆಯ ಗಾಳಿಗೆ ಒಂದಷ್ಟು ಹಾರಿದರೆ, ಮೊದಲ ನೀರಿಗೆ ಇನ್ನೊಂದಷ್ಟು ಕೊಚ್ಚಿ ಬದುವಿನಾಚೆಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಎಕರೆಗೆ 40 ಟನ್ ಕಬ್ಬು ಬಂದಿದ್ದರೆ ಒಣ ತರಗು ಸುಮಾರು 4 ಟನ್ ಬಿದ್ದಿರುತ್ತದೆ. ಟನ್ನಿಗೆ ಸುಮಾರು 4 ಕೆಜಿ ಸಾರಜನಕ ಅಂದರೂ ಒಟ್ಟು 16 ಕೆಜಿ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ 46. ಅಂದರೆ 16 ಕೆಜಿ ಸಾರಜನಕ ಸುಮಾರು 35 ಕೆಜಿ ಯೂರಿಯಾಕ್ಕೆ ಸಮ. 45 ಕೆಜಿಯ ಯೂರಿಯಾ ಚೀಲದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಒಂದು ಕಡ್ಡಿ ಗೀರಿದ್ದಕ್ಕೆ ಹೋಯಿತು.

ಆದರೆ ಯೂರಿಯಾ ಅಂಗಡಿಯಲ್ಲಿ ಸಿಗುತ್ತದೆ, ಇಂಗಾಲ ಸಿಗುವುದಿಲ್ಲ. ದೊಡ್ಡ ನಷ್ಟ ಅದೇ. ನಾಲ್ಕು ಟನ್ ತರಗಿನಲ್ಲಿ ಒಂದು ಟನ್ನಿಗಿಂತ ಹೆಚ್ಚು ಇಂಗಾಲವಿರುತ್ತದೆ. ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿ, ತಿಪ್ಪೆಗೊಬ್ಬರ ಗದ್ದೆಗೆ ಬರುವುದೇ ಅಪರೂಪವಾಗಿರುವ ಈ ದಿನಗಳಲ್ಲಿ ಮಣ್ಣಿಗೆ ಸೇರಬಹುದಾದ ಸಾವಯವ ಅಂಶ ಎಂದರೆ ಈ ತರಗೊಂದೇ. ವರ್ಷವರ್ಷ ಅದನ್ನೂ ಸುಟ್ಟರೆ ಮಣ್ಣು ಬಿಗಿಯುತ್ತದೆ. ಉತ್ತರೆ ದೊಡ್ಡ ದೊಡ್ಡ ಹೆಂಟೆಯಾಗಿ ಏಳುತ್ತದೆ, ಕಟ್ಟಿದ ನೀರು ಇಂಗುವ ಬದಲು ಮೇಲೇ ನಿಂತು ಆರುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಾಲೆಗೆ ನೀರು ಬಿಡುವ ವರ್ಷಗಳಲ್ಲಿ ಇದರ ಪೆಟ್ಟು ಗೊತ್ತಾಗುತ್ತದೆ. ತರಗು ಹೊದ್ದ ಗದ್ದೆ ಮುಂದಿನ ಕಟ್ಟಿನವರೆಗೆ ತಡೆಯುತ್ತದೆ, ಸುಟ್ಟ ಗದ್ದೆಯ ಗರಿ ಮಧ್ಯಾಹ್ನಕ್ಕೇ ಸುರುಳಿ ಸುತ್ತುತ್ತದೆ.

ಕೂಳೆಗೂ ಬೆಂಕಿಯಿಂದ ನೇರ ಪೆಟ್ಟಿದೆ. ತರಗು ಗುಡ್ಡೆ ಬಿದ್ದ ಕಡೆ ಬೆಂಕಿ ಹೆಚ್ಚು ಹೊತ್ತು ನಿಂತು, ಮಣ್ಣಿನ ಮೇಲ್ಪದರದಲ್ಲಿರುವ, ಮೊಳಕೆ ಒಡೆಯಬೇಕಾದ ಕಣ್ಣುಗಳು ಬೆಂದುಹೋಗುತ್ತವೆ. ತಿಂಗಳಾದ ಮೇಲೆ ಕೂಳೆ ಅಲ್ಲಲ್ಲಿ ಬೋಳಾಗಿ ಕಾಣುತ್ತದಲ್ಲ, ‘ಪೈರು ಯಾಕೋ ಕೂಡಲಿಲ್ಲ’ ಎನ್ನುತ್ತೀರಲ್ಲ, ಅದಕ್ಕೆ ಇದೂ ಒಂದು ಕಾರಣ. ಇನ್ನು ಪಕ್ಕದವರ ತೆಂಗಿನ ಗರಿ ಸುಡುವುದು, ಹನಿ ನೀರಾವರಿಯ ಪೈಪು ಕರಗುವುದು, ಊರೊಳಗೆ ಉಬ್ಬಸದವರು ರಾತ್ರಿಯಿಡೀ ಕೆಮ್ಮುವುದು ನಿಮಗೆ ಗೊತ್ತಿರುವುದೇ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ ಎಂಬುದನ್ನೂ ಮರೆಯಬೇಡಿ. ಕಟಾವಿಗೆ ಮುಂಚೆಯೇ ಬೆಂಕಿ ಕೊಡುವವರಿದ್ದಾರೆ. ಅಂಥ ಬೆಂಕಿಯಲ್ಲಿ ಮರಿಗಳಿಗೆ ಓಡಲು ದಾರಿಯೇ ಇರುವುದಿಲ್ಲ.

ಈಗ ನಿಮ್ಮ ತೊಡಕುಗಳಿಗೆ ಬರೋಣ. ಅರ್ಧ ಕೆಲಸ ಕಟಾವಿನ ದಿನವೇ ಆಗಬೇಕು. ಕಡಿಯುವ ಆಳುಗಳಿಗೆ ಮೊದಲೇ ಹೇಳಿ: ತರಗನ್ನು ಕೂಳೆಯ ಮೇಲೆ ಎಸೆಯದೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಲಿ, ಕಬ್ಬನ್ನು ನೆಲಮಟ್ಟಕ್ಕೆ ಕಡಿಯಲಿ. ಆಮೇಲೆ ಬೇರೆ ಆಳು ಇಟ್ಟು ಎಳೆಸುವುದಕ್ಕಿಂತ ಇದಕ್ಕೆಂದು ಸ್ವಲ್ಪ ಹೆಚ್ಚಿಗೆ ಕೂಲಿ ಕೊಟ್ಟರೂ ಲಾಭವೇ. ಹಸಿ ಸೋಗೆ ದನಕ್ಕೆ ಹೋಗಲಿ. ಕೊಳೆಸಲು ತರಗು ನೆನೆಸುವ ಹೊತ್ತು ಬಿಟ್ಟರೆ, ತರಗು ಬಿದ್ದ ಸಾಲಿನಲ್ಲಿ ನೀರು ಹಾಯಿಸಬೇಡಿ, ಪಕ್ಕದ ಖಾಲಿ ಸಾಲಿನಲ್ಲಿ ಹಾಯಿಸಿ. ನೀರು ಹರಿಯಲ್ಲ ಎಂಬ ದೂರು ಬರುವುದು ಎಲ್ಲ ಸಾಲಿಗೂ ತರಗು ಹರಡಿದಾಗ. ಮೂರಡಿ ಸಾಲಿಗೂ ಈ ಕ್ರಮ ನಡೆಯುತ್ತದೆ, ಐದಡಿ ಸಾಲಾದರೆ ಇನ್ನೂ ಸಲೀಸು. ಬಾಡಿಗೆಗೆ ತರಗು ಪುಡಿ ಮಾಡುವ ಯಂತ್ರ ಸಿಕ್ಕರೆ ಬಿಡಬೇಡಿ, ಪುಡಿಯಾದ ತರಗು ಬೇಗ ಕೊಳೆಯುತ್ತದೆ.

ಕಟಾವಾದ ವಾರದೊಳಗೆ ಕೂಳೆ ಸವರಿಸಿ, ಅಂದರೆ ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ. ನೆಲದ ಮೇಲೆ ಮೂರ್ನಾಲ್ಕು ಅಂಗುಲ ಮೋಟು ಉಳಿದಿದ್ದರೆ ಅದರ ಮೇಲಿನ ಕಣ್ಣುಗಳೇ ಮೊದಲು ಒಡೆಯುತ್ತವೆ. ಆ ಮೊಳಕೆಗೆ ಸ್ವಂತ ಬೇರು ಇಳಿಯುವುದಿಲ್ಲ, ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಹರಿತವಾದ ಕುಡುಗೋಲೇ ಬೇಕು. ಮೊಂಡಾದರೆ ಮೋಟು ಸೀಳಿ, ಸೀಳಿನಲ್ಲಿ ಶಿಲೀಂಧ್ರ ಸೇರುತ್ತದೆ. ಸವರಿದ ಮೇಲೆ ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಮೋಟು ನೆನೆಯುವಂತೆ ಸಿಂಪಡಿಸಿ.

ತರಗು ಬೇಗ ಕೊಳೆಯಲು ಟನ್ನಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, 1 ಕೆಜಿ ಕೊಳೆಸುವ ಜೀವಾಣು ಬೇಕು. ನಿಮ್ಮ 4 ಟನ್ನಿಗೆ ಕ್ರಮವಾಗಿ 32, 40 ಮತ್ತು 4 ಕೆಜಿ. ತರಗನ್ನೇ ಸುಮ್ಮನೆ ಬಿಟ್ಟರೆ ಸಾಲದೇ, ಯೂರಿಯಾ ಏಕೆ ಎಂದು ಕೇಳುವವರಿದ್ದಾರೆ. ತರಗಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 70 ಪಾಲು ಇಂಗಾಲವಿದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ 25–30 ಪಾಲು ಇಂಗಾಲಕ್ಕೇ ಒಂದು ಪಾಲು ಸಾರಜನಕ ಬೇಕು. ತರಗಿನಲ್ಲಿ ಸಾಲದ್ದನ್ನು ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಆಗ ಕೂಳೆ ಹಳದಿ ತಿರುಗುತ್ತದೆ. ‘ತರಗು ಬಿಟ್ಟೆ, ಪೈರು ಕೆಟ್ಟಿತು’ ಎನ್ನುವವರಲ್ಲಿ ಬಹುಪಾಲು ಜನ ಎಡವಿರುವುದು ಇಲ್ಲೇ.

ಜೀವಾಣುವನ್ನು ಯೂರಿಯಾ ಜೊತೆ ಒಂದೇ ನೀರಿನಲ್ಲಿ ಕಲಸಬೇಡಿ. ಮೊದಲು ಯೂರಿಯಾ ಮತ್ತು ಸೂಪರ್ ಎರಚಿ, ಅದೇ ದಿನ ತರಗು ಚೆನ್ನಾಗಿ ನೆನೆಯುವಷ್ಟು ನೀರು ಕೊಡಿ. ಒಣ ತರಗಿನ ಮೇಲೆ ಬಿದ್ದ ಯೂರಿಯಾ ಬಿಸಿಲಿಗೆ ಅಮೋನಿಯವಾಗಿ ಹಾರಿಹೋಗುತ್ತದೆ. ಎರಡು ದಿನ ಬಿಟ್ಟು ಜೀವಾಣುವನ್ನು 200 ಲೀಟರ್ ತೆಳು ಸಗಣಿ ಬಗ್ಗಡದಲ್ಲಿ ಕಲಸಿ ಸಂಜೆ ಹೊತ್ತು ತರಗಿನ ಮೇಲೆ ಚೆಲ್ಲಿ. ಆಮೇಲಿನ ದಿನಗಳಲ್ಲೂ ತರಗು ಪೂರ್ತಿ ಒಣಗದಂತೆ ಆಗಾಗ ತೇವ ಸಿಗುತ್ತಿರಲಿ. ಮೂರು ವಾರವಾದ ಮೇಲೆ ಕೋಲಿನಲ್ಲಿ ತರಗು ಎತ್ತಿ ನೋಡಿ. ಅಡಿಯ ಎಲೆಗಳು ಕಪ್ಪಾಗಿ ಅಂಟಿಕೊಂಡು, ನಡುವೆ ಹತ್ತಿಯಂಥ ಬಿಳಿ ಎಳೆ ಹರಡಿ, ಮಣ್ಣಿನ ಮೇಲೆ ಎರೆಹುಳುವಿನ ಸಣ್ಣ ಗುಳ್ಳೆಗಳು ಕಂಡರೆ ಎಲ್ಲ ಸರಿಯಾಗಿದೆ. ಎಲೆ ಇನ್ನೂ ಹಳದಿಯಾಗಿ ಚರಚರ ಮುರಿಯುತ್ತಿದ್ದರೆ ತೇವ ಸಾಲದು. ಹುಳಿ ನಾತ ಬಂದರೆ ನೀರು ನಿಂತಿದೆ ಎಂದು ಅರ್ಥ.

ಬೆಳೆಗೆ ಹಾಕುವ ಗೊಬ್ಬರವನ್ನು ತರಗಿನ ಮೇಲೆ ಚೆಲ್ಲಬೇಡಿ. ಕೂಳೆಯಿಂದ ಅರ್ಧ ಅಡಿ ದೂರದಲ್ಲಿ ಹಾರೆಯಿಂದ ಅರ್ಧ ಅಡಿ ಆಳದ ಗುಳಿ ಹೊಡೆದು, ಅಡಿಗೊಂದರಂತೆ ಗೊಬ್ಬರ ಇಟ್ಟು ಮುಚ್ಚಿ. ಕೆಲಸ ನಿಧಾನ, ನಿಜ. ಆದರೆ ಒಂದು ಹರಳೂ ಪೋಲಾಗುವುದಿಲ್ಲ. ತನಿ ಬೆಳೆಗಿಂತ ಕೂಳೆಗೆ ಸಾರಜನಕ ಕಾಲು ಭಾಗ ಹೆಚ್ಚು ಬೇಕು ಎಂಬುದು ನೆನಪಿರಲಿ. ಒಂದೂವರೆ ಎರಡು ಅಡಿಗಿಂತ ದೊಡ್ಡ ಬೋಳು ಜಾಗಗಳಿಗೆ ಟ್ರೇ ಸಸಿಯನ್ನು ತಿಂಗಳೊಳಗೆ ನೆಟ್ಟುಬಿಡಿ. ತಡವಾಗಿ ನೆಟ್ಟದ್ದು ಪಕ್ಕದ ಪೈರಿನ ನೆರಳಲ್ಲಿ ಏಳುವುದಿಲ್ಲ.

ತರಗು ಹೊದ್ದ ಗದ್ದೆಯಲ್ಲಿ ಕಳೆ ಕಡಿಮೆ, ಎಳೆ ಸುಳಿ ಕೊರೆದು ಒಣಗಿಸುವ ಹುಳುವಿನ ಕಾಟವೂ ತಗ್ಗುತ್ತದೆ. ಹಾಗೆಂದು ಎಲ್ಲ ಗದ್ದೆಗೂ ಇದು ಒಪ್ಪುವುದಿಲ್ಲ. ಗೆದ್ದಲು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಒಣ ತರಗು ಬಿಟ್ಟರೆ ಗೆದ್ದಲನ್ನು ಕರೆದಂತೆ. ಅಲ್ಲಿ ಬದುವಿನ ಪಕ್ಕ ಗುಂಡಿಯಲ್ಲಿ ಕೊಳೆಸಿ ಹಾಕಿ. ಕಬ್ಬು ಸೀಳಿದಾಗ ಒಳಗೆ ಕೆಂಪು ಬಣ್ಣ, ಅಡ್ಡಡ್ಡ ಬಿಳಿ ಮಚ್ಚೆ, ಹುಳಿ ವಾಸನೆ ಇದ್ದರೆ ಅದು ಕೆಂಪು ಕೊಳೆ ರೋಗ. ಆ ಗದ್ದೆಯಲ್ಲಿ ಕೂಳೆಯನ್ನೇ ಬಿಡಬಾರದು. ರೋಗದ ಬುಡಗಳನ್ನು ಕಿತ್ತು, ಒಂದು ಮೂಲೆಗೆ ಒಯ್ದು ಸುಟ್ಟು, ಭತ್ತಕ್ಕೆ ತಿರುಗಿಸಿ. ಬೆಂಕಿಗೆ ನ್ಯಾಯವಾದ ಕೆಲಸವಿರುವುದು ಇಲ್ಲಿ ಮಾತ್ರ.

ಹಾವಿನ ಭಯ ಸುಳ್ಳಲ್ಲ. ಹಾವು ಬರುವುದು ಇಲಿಗಾಗಿ, ಇಲಿ ಮನೆ ಮಾಡುವುದು ಹೆಚ್ಚಾಗಿ ಬದುವಿನಲ್ಲಿ. ಬದುವಿನ ಬಿಲಗಳನ್ನು ಕಟಾವಾದ ಕೂಡಲೇ ಅಗೆದು ಮುಚ್ಚಿ, ಬದು ಚೊಕ್ಕಟವಾಗಿಡಿ. ಮೊಣಕಾಲುದ್ದದ ಬೂಟು ಹಾಕಿಕೊಳ್ಳಿ, ತರಗಿಗೆ ಬರಿಗೈ ಹಾಕಬೇಡಿ, ರಾತ್ರಿ ನೀರು ಕಟ್ಟಲು ಹೋಗುವುದಾದರೆ ಟಾರ್ಚು ಮತ್ತು ಕೋಲು ಕೈಯಲ್ಲಿರಲಿ. ತರಗು ನೆನೆದು ಕುಗ್ಗುವ ತನಕ, ಅಂದರೆ ಮೊದಲ ಎರಡು ಮೂರು ವಾರ, ಹೊರಗಿನ ಬೆಂಕಿ ತಗುಲದಂತೆ ಗದ್ದೆಯ ಸುತ್ತ ಆರಡಿ ಅಗಲ ತರಗಿಲ್ಲದಂತೆ ಗುಡಿಸಿಡಿ. ದಾರಿಹೋಕರ ಒಂದು ಬೀಡಿ ತುಂಡು, ಪಕ್ಕದ ಗದ್ದೆಯ ಒಂದು ಕಿಡಿ ಸಾಕು. ಮಣ್ಣು ಏರಿಸುವ ಹೊತ್ತಿಗೆ, ಮೂರ್ನಾಲ್ಕು ತಿಂಗಳಲ್ಲಿ, ಪುಡಿಯಾದ ತರಗು ಗುದ್ದಲಿಗೆ ಅಡ್ಡ ಬಾರದಷ್ಟು ಮೆತ್ತಗಾಗಿರುತ್ತದೆ. ಉದ್ದದ ತರಗಾದರೆ ಇನ್ನೊಂದೆರಡು ತಿಂಗಳು ಹಿಡಿಯುತ್ತದೆ. ಅದನ್ನು ಹಾಗೇ ಒಳಕ್ಕೆ ಸೇರಿಸಿ ಮಣ್ಣು ಎಳೆಯಿರಿ.