ಒದ್ದೆ ಗಾರೆಯ ಬಣ್ಣ ನಂಬಬೇಡಿ

ಹಬ್ಬಕ್ಕೆ ಸುಣ್ಣ ಬಳಿದವರಿಗೆ ಇದು ಗೊತ್ತು. ಬಳಿಯುವಾಗ ಬರೀ ನೀರು ಹಚ್ಚಿದ ಹಾಗೆ, ಹಳೇ ಕಲೆಯೆಲ್ಲ ಹಾಗೇ ಕಾಣುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಗೋಡೆ ಬೆಳ್ಳಗೆ!

ಬಣ್ಣ ಬೆರೆಸಿದ ಸುಣ್ಣದ ಗಾರೆಯಲ್ಲೂ ಆಗುವುದು ಇದೇ. ನಮ್ಮ ಮನೆಯ ಒಂದು ಗೋಡೆಗೆ ಕಾವಿ ಕಲಸಿದ ನುಣುಪು ಗಾರೆ ಮಾಡಿಸಿದೆವು. ಕರಣೆ ಎಳೆಯುವಾಗ ಹೊಸ ಹೆಂಚಿನ ಕೆಂಪು. ವಾರ ಕಳೆದಾಗ ತಿಳಿ ಗುಲಾಬಿ. ಬಣ್ಣ ಹೋಯಿತು, ಕಾವಿ ಕಮ್ಮಿ ಹಾಕಿದ್ದಾರೆ ಅಂತ ಮೇಸ್ತ್ರಿಯನ್ನು ಬೈದೆವು. ಅದು ಅನ್ಯಾಯ. ಹಾಕಿದ ಕಾವಿಯಲ್ಲಿ ಒಂದು ಗ್ರಾಂ ಕೂಡ ಎಲ್ಲೂ ಹೋಗಿರಲಿಲ್ಲ.

ಹೋಗಿದ್ದು ನೀರು. ಒಣಗಿದ ಗಾರೆಯ ತುಂಬ ಕಣ್ಣಿಗೆ ಕಾಣದ ತೂತುಗಳು, ಅವುಗಳೊಳಗೆ ಗಾಳಿ. ಬೆಳಕು ಒಂದು ವಸ್ತುವಿನೊಳಗೆ ಹೋಗುವಾಗ ಎಷ್ಟು ಬಾಗುತ್ತದೆ ಅನ್ನುವ ಅಳತೆಗೆ ವಕ್ರೀಭವನ ಸೂಚ್ಯಂಕ ಅಂತಾರೆ. ಅದು ಗಾಳಿಗೆ 1, ನೀರಿಗೆ 1.33, ಸುಣ್ಣದ ಕಣಕ್ಕೆ ಸುಮಾರು 1.6. ಈ ಅಂತರ ಜಾಸ್ತಿಯಾದಷ್ಟೂ ಬೆಳಕು ಚದುರುವುದು ಜಾಸ್ತಿ. ಗಾಳಿಯಿಂದ ಕಣಕ್ಕೆ ಬಿದ್ದ ಬೆಳಕು ಅಲ್ಲೇ ಚೆಲ್ಲಾಪಿಲ್ಲಿಯಾಗಿ ವಾಪಸ್ ಬರುತ್ತದೆ. ನಮಗೆ ಅದೇ ಬಿಳುಪು. ತೂತಿನಲ್ಲಿ ನೀರಿದ್ದರೆ ಅಂತರ ಕಡಿಮೆ. ಬೆಳಕು ಆಳಕ್ಕಿಳಿದು ಕಾವಿಯ ಕಣಗಳಿಗೆ ಮತ್ತೆ ಮತ್ತೆ ಸಿಕ್ಕಿಬೀಳುತ್ತದೆ, ಕೆಂಪು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ಮಳೆಗೆ ನೆನೆದ ಕೆಮ್ಮಣ್ಣು ಕಪ್ಪಗೆ ಕಾಣುವುದು ಇದಕ್ಕೇ. ಬೋಂಡದ ಎಣ್ಣೆ ತಾಗಿದ ಪೇಪರಿನಲ್ಲಿ ಹಿಂದಿನ ಪುಟದ ಅಕ್ಷರ ಕಾಣುವುದೂ ಇದಕ್ಕೇ. ಕಲ್ಲುಸಕ್ಕರೆ ಗಾಜಿನ ಹಾಗಿರುತ್ತದೆ, ಕುಟ್ಟಿದರೆ ಬಿಳಿ ಪುಡಿ. ಅಲ್ಲೂ ನಡುವೆ ಸೇರಿಕೊಂಡದ್ದು ಗಾಳಿ, ಅಲ್ವಾ?

ಅದಕ್ಕೇ ಗೋಡೆಗಿಂತ ಮೊದಲು ಸ್ಯಾಂಪಲ್ ಬೋರ್ಡ್ ಬೇಕು. ಅಂಗೈಯಗಲದ ತುಂಡು ಸಾಲದು, ಕರಣೆ ಆಡಲು ಜಾಗವೇ ಇರುವುದಿಲ್ಲ. ಎರಡಡಿ ಚೌಕದ ಸಿಮೆಂಟ್ ಬೋರ್ಡ್ ಒಳ್ಳೆಯದು. ಬರೀ ಪ್ಲೈವುಡ್ ನೀರು ಕುಡಿದು ಬಾಗುತ್ತದೆ, ಗಾರೆ ಬಿರಿಯುತ್ತದೆ. ಎರಡನೇ ಸಲ ನಾನು ನಾಲ್ಕು ಬೋರ್ಡ್ ಮಾಡಿಸಿದೆ. ಒಂದು ಕಿಲೋ ಸುಣ್ಣಕ್ಕೆ 0, 20, 40, 60 ಗ್ರಾಂ ಕಾವಿ. ತಕ್ಕಡಿಯಲ್ಲೇ ತೂಗಬೇಕು, ಚಮಚದ ಲೆಕ್ಕ ಬೇಡ. ತೂಕ, ಮರಳು, ತಾರೀಖು ಎಲ್ಲ ಬೋರ್ಡಿನ ಬೆನ್ನಿಗೆ ಬರೆದೆ. ಒಣಗಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಬೆಳಕಿಗೆ ನೆಟ್ಟಗೆ ನಿಲ್ಲಿಸಿ ನೋಡಿದೆವು.

ಗಾರೆಯ ಹಲಗೆ ಹೊಸದಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಮೂರು ಪದರ ಮರಳುಗಾರೆ, ಮೇಲೆ ಮೂರು ಪದರ ಅಮೃತಶಿಲೆಯ ಪುಡಿಯ ಗಾರೆ ಅಂತ ಬರೆದಿಟ್ಟ. ಹಳೇ ಗೋಡೆಗಳ ಗಾರೆ ಎಷ್ಟು ಗಟ್ಟಿಯೆಂದರೆ ಜನ ಅದನ್ನು ಹಾಳೆಯಾಗಿ ಕತ್ತರಿಸಿ ಮೇಜಿನ ಹಲಗೆ ಮಾಡಿಕೊಳ್ಳುತ್ತಾರೆ ಅಂತಲೂ ಬರೆದಿದ್ದಾನೆ.

ಹಳದಿ ಬೇಕೆಂದು ಅರಿಶಿನ ಮಾತ್ರ ಹಾಕಬೇಡಿ. ಸುಣ್ಣ ತಾಗಿದ ಕೂಡಲೇ ಕೆಂಪಾಗುತ್ತದೆ. ಆರತಿಯ ಓಕುಳಿ ಕೆಂಪಾಗುವುದು ಸುಣ್ಣದ ಕ್ಷಾರದಿಂದ, ಅದರಲ್ಲಿ ದೃಷ್ಟಿಯ ಮಾತೇನೂ ಇಲ್ಲ. ಹಳದಿಗೆ ಮಣ್ಣಿನ ಬಣ್ಣವೇ ಸರಿ.

ಒಣಗಿತು ಅಂದರೆ ಗಾರೆ ಪಕ್ವವಾಯಿತು ಅಂತಲ್ಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಬೇಕು, ಅದೂ ಮೇಲಿನಿಂದ ಒಳಕ್ಕೆ, ನಿಧಾನವಾಗಿ. ತಿಂಗಳಾದ ಮೇಲೆ ಕಾವಿಯಿಲ್ಲದ ಬೋರ್ಡಿನ ಒಂದು ಮೂಲೆ ಮುರಿದು ಫಿನಾಲ್ಫ್ಥಲೀನ್ ಒಂದು ಹನಿ ಬಿಟ್ಟೆ. ಇನ್ನೂ ಕಲ್ಲಾಗದ ಸುಣ್ಣದ ಕ್ಷಾರ ತಾಗಿದರೆ ಗುಲಾಬಿಯಾಗುವ ದ್ರವ ಅದು. ಮೇಲಿನ ತೆಳು ಪದರ ಬೆಳ್ಳಗೇ ಉಳಿಯಿತು. ಒಳಗೆ ಕಡು ಗುಲಾಬಿ.