ಕಿಡ್ನಿಯೊಳಗಿನ ನೀಲಿ ಕಲೆ

ಬಯಾಪ್ಸಿಯಲ್ಲಿ ತೆಗೆಯುವ ಕಿಡ್ನಿ ತುಂಡು ಶಾವಿಗೆ ಎಳೆಯಷ್ಟು ಸಣ್ಣದು. ಅದನ್ನು ತೆಳ್ಳಗೆ ಕತ್ತರಿಸಿ, ಟ್ರೈಕ್ರೋಮ್ ಬಣ್ಣ ಹಾಕಿ ನೋಡಿದರೆ ಮೂತ್ರ ಸಾಗುವ ಸಣ್ಣ ನಾಳಗಳು ಕೆಂಪಗೆ, ಒತ್ತೊತ್ತಾಗಿ ಕಾಣುತ್ತವೆ. ಕಾಯಿಲೆ ಹಳೆಯದಾದರೆ ಅವುಗಳ ನಡುವೆ ನೀಲಿ ಹರಡಿರುತ್ತದೆ. ಆ ನೀಲಿಯೇ ಕೊಲಾಜೆನ್, ಅಂದರೆ ಗಾಯದ ಕಲೆ. ಶುಗರ್, ಬಿಪಿ, ಶುರುವಾದದ್ದು ಯಾವುದರಿಂದಲೇ ಇರಲಿ, ಹಾದಿ ಕೊನೆಗೆ ಇಲ್ಲಿಗೇ ಬಂದು ಸೇರುತ್ತದೆ.

ಮಂಡಿ ತರಚಿದಾಗಲೂ ದೇಹ ಹೀಗೇ ರಿಪೇರಿ ಮಾಡುತ್ತದೆ, ಅಲ್ವಾ? ಅಲ್ಲಿ ಗಾಯ ಮಾಯ್ದ ಮೇಲೆ ಕೆಲಸ ನಿಲ್ಲುತ್ತದೆ. ಕಿಡ್ನಿಗೆ ಪೆಟ್ಟು ದಿನಾ ಬೀಳುತ್ತಿದ್ದರೆ ರಿಪೇರಿಯೂ ನಿಲ್ಲುವುದಿಲ್ಲ. ಅದನ್ನು ನಡೆಸುವ ಮುಖ್ಯ ಅಣು ಟಿಜಿಎಫ್-ಬೀಟಾ. 1990ರಲ್ಲಿ ಸಂಶೋಧಕರಾದ ವೇಯ್ನ್ ಬಾರ್ಡರ್, ಎರ್ಕಿ ರುಓಸ್ಲಾಹ್ಟಿ ಮತ್ತು ಸಂಗಡಿಗರು ಇಲಿಗಳಲ್ಲಿ ಅದನ್ನು ತಡೆದರು. ಕಲೆ ಕಡಿಮೆ ಕಟ್ಟಿತು. ದಾರಿ ಸಿಕ್ಕೇಬಿಟ್ಟಿತು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಅಣು ಉರಿಯೂತಕ್ಕೂ ಕಡಿವಾಣ. 1992ರಲ್ಲಿ, ಅದರ ಜೀನ್ ಇಲ್ಲದ ಇಲಿಮರಿಗಳು ಕೆಲವೇ ವಾರಗಳಲ್ಲಿ ಉರಿಯೂತದಿಂದ ಸತ್ತವು. ಮುಂದೆ ಶುಗರ್‌ನಿಂದ ಕಿಡ್ನಿ ಕೆಟ್ಟಿದ್ದ 400ಕ್ಕೂ ಹೆಚ್ಚು ಜನರ ಮೇಲೆ ಇದನ್ನು ತಡೆಯುವ ಔಷಧಿಯ ಪ್ರಯೋಗ ನಡೆಯಿತು. ಉಪಯೋಗ ಕಾಣದೆ ಅರ್ಧಕ್ಕೇ ನಿಲ್ಲಿಸಿದರು. ಅದರ ವರದಿ ಬಂದದ್ದು 2017ರಲ್ಲಿ.

ಕಲೆ ಕಟ್ಟುವವರು ಯಾರು ಅನ್ನುವುದರಲ್ಲೂ ಗೊಂದಲವಿತ್ತು. ಮೂತ್ರನಾಳದ ಆ ಜೀವಕೋಶಗಳೇ ರೂಪ ಬದಲಿಸಿ ಕಲೆ ಕಟ್ಟುತ್ತವೆ ಎಂದು ಬಹಳ ಜನ ನಂಬಿದ್ದರು. 2010ರಲ್ಲಿ ಇಲಿಗಳ ಜೀವಕೋಶಗಳಿಗೆ ಗುರುತು ಹಾಕಿ ಹಿಂಬಾಲಿಸಿದಾಗ, ಸಣ್ಣ ರಕ್ತನಾಳಗಳನ್ನು ತಬ್ಬಿಕೊಂಡಿರುವ ಪೆರಿಸೈಟ್ ಎಂಬ ಕೋಶಗಳ ಕಡೆಗೆ ಬೆರಳು ತಿರುಗಿತು. 2021ರಲ್ಲಿ ಮನುಷ್ಯರ ಕಿಡ್ನಿಯ ಒಂದೊಂದೇ ಜೀವಕೋಶದಲ್ಲಿ ಯಾವ ಜೀನ್‌ಗಳು ಚುರುಕಾಗಿವೆ ಎಂದು ಓದಿದಾಗಲೂ ಪೆರಿಸೈಟ್ ಮತ್ತು ಕೊಲಾಜೆನ್ ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳೇ ಮುಖ್ಯವಾಗಿ ಕಂಡವು. ಹಾಗಂತ ನಾಳಗಳ ಪಾತ್ರ ಇಲ್ಲವೆಂದಲ್ಲ. ಕೊಬ್ಬು ಉರಿಸಿ ಶಕ್ತಿ ಪಡೆಯಲಾಗದೆ ಸೋತ ನಾಳದ ಕೋಶಗಳು ಕಲೆಗೆ ಕುಮ್ಮಕ್ಕು ಕೊಡುತ್ತವೆ.

ಈಗ ನಿಜವಾಗಿ ಕೆಲಸ ಮಾಡುತ್ತಿರುವ ಮಾತ್ರೆಗಳು ಬಂದದ್ದು ಬೇರೆ ದಾರಿಯಿಂದ. 1993ರ ಕ್ಯಾಪ್ಟೊಪ್ರಿಲ್, 2020ರ ಡಾಪಾಗ್ಲಿಫ್ಲೋಜಿನ್ ಮತ್ತು ಫಿನೆರೆನೋನ್ ಪ್ರಯೋಗಗಳು ಕಿಡ್ನಿ ಸೋಲುವುದು ನಿಧಾನವಾಗುತ್ತದೆ ಎಂದು ತೋರಿಸಿದವು. ಮೊದಲೆರಡು ಸೋಸುವ ಜಾಗದ ಒತ್ತಡ ಇಳಿಸುತ್ತವೆ. ಮೂರನೆಯದು ಆಲ್ಡೋಸ್ಟೆರೋನ್ ಎಂಬ ಹಾರ್ಮೋನಿನ ಕಾಟ ತಗ್ಗಿಸುತ್ತದೆ. ಕಟ್ಟಿದ ಕಲೆಯನ್ನು ಯಾವುದೂ ಅಳಿಸುವುದಿಲ್ಲ.

ಹಾಗಾಗಿ ಈಗಿನ ಹುಡುಕಾಟ ಜಾಣತನದ್ದು ಅನ್ನಿಸುತ್ತದೆ. ಟಿಜಿಎಫ್-ಬೀಟಾ ಮೊದಲು ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಆ ಬೀಗ ತೆಗೆಯುವ ಇಂಟಿಗ್ರಿನ್ ಎಂಬ ಪ್ರೋಟೀನ್‌ಗಳನ್ನಷ್ಟೇ ತಡೆದರೆ, ಉಳಿದ ಕಡೆ ಅದರ ಒಳ್ಳೆಯ ಕೆಲಸ ಉಳಿಯಬಹುದು. ತೊಡಕೆಂದರೆ, ಕಲೆ ಕರಗಿತೇ ಎಂದು ನೋಡಲು ಇವತ್ತಿಗೂ ಬಯಾಪ್ಸಿಯೇ ಬೇಕು. ರೋಗಿಗೆ ಮತ್ತೆ ಮತ್ತೆ ಸೂಜಿ ಚುಚ್ಚಲಾಗದು. ಶಾವಿಗೆಯಷ್ಟು ತುಂಡು ಇಡೀ ಕಿಡ್ನಿಯ ಕತೆ ಹೇಳುವುದೂ ಇಲ್ಲ.