ರೆಕಾರ್ಡ್ ಅತ್ತೆಯ ಹೆಸರಿನಲ್ಲಿದ್ದರೆ ಏನಾಯ್ತು?

ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳು ಕಾಸರಗೋಡಿನ ನನ್ನ ಆಫೀಸಿಗೆ ಒಬ್ಬಳೇ ಬರುವುದು ಕಡಿಮೆ. ಜೊತೆಗೆ ಅಣ್ಣ ಇರುತ್ತಾನೆ, ಸೋದರಮಾವ ಇರುತ್ತಾರೆ. ಅವರ ಕೈಯಲ್ಲಿ ಗಂಡನ ಮನೆಯ ಜಾಗದ ರೆಕಾರ್ಡಿನ ಝೆರಾಕ್ಸ್. ಎಲ್ಲಿಂದ ಸಂಪಾದಿಸುತ್ತಾರೋ! "ಮೇಡಂ, ಮನೆ ಅತ್ತೆಯ ಹೆಸರಿನಲ್ಲಿ ಉಂಟು. ಭಾವನ ಹೆಸರಿನಲ್ಲಿ ಒಂದು ಸೆಂಟ್ಸೂ ಇಲ್ಲ. ಕೇಸು ಹಾಕಿ ಪ್ರಯೋಜನ ಉಂಟಾ?"

ಪಾಲು ಕೇಳಿದವರು ಯಾರು ಮಾರಾಯ್ರೇ?

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ. ಅದರ 17ನೇ ಕಲಮು ಕೊಡುವುದು ವಾಸದ ಹಕ್ಕು. ಮನೆಯ ಒಡೆತನ ಅತ್ತೆಯದ್ದೇ ಇರಲಿ, ಮಾವನದ್ದೇ ಇರಲಿ, ಸಂಸಾರ ನಡೆದದ್ದು ಅಲ್ಲಿ ಅಂತಾದರೆ ಸೊಸೆಯನ್ನು ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವ ಹಾಗಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅದಕ್ಕೂ ಮೊದಲು 2006ರ ತೀರ್ಪೊಂದು ಅತ್ತೆ ಮಾವನ ಸ್ವಂತ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಎಂದಿತ್ತು. ಅದು ಬಿದ್ದುಹೋಯಿತು. ನಮ್ಮ ಊರಿನ 'ಕಾನೂನು ಗೊತ್ತಿದ್ದವರು' ಮಾತ್ರ ಇನ್ನೂ ಅದನ್ನೇ ಹೇಳುತ್ತಿರುತ್ತಾರೆ.

ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಬೇಡಿ. ಇದು ಇರುವ ಹಕ್ಕು, ಮಾರುವ ಹಕ್ಕಲ್ಲ. ಅತ್ತೆಯ ಜಾಗ ಅತ್ತೆಯದ್ದೇ. ಅತ್ತೆಯನ್ನು ಮನೆಯಿಂದ ಹೊರಗೆ ಕಳಿಸಿ ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಲಿಕ್ಕೂ ಬರುವುದಿಲ್ಲ. ಹೆಂಗಸರ ಮೇಲೆ ಅಂಥ ಆದೇಶ ಬೇಡ ಎಂದು 19ನೇ ಕಲಮಿನಲ್ಲೇ ಇದೆ. ಹಾಗಂತ ಸೊಸೆಯ ಹಕ್ಕೂ ಎಲ್ಲ ಕಾಲಕ್ಕೂ ಅಲುಗಾಡದ್ದಲ್ಲ. ವಯಸ್ಸಾದವರ ನೆಮ್ಮದಿಯನ್ನೂ ಕೋರ್ಟ್ ನೋಡುತ್ತದೆ. ಒಟ್ಟಿಗೆ ಇರಲಿಕ್ಕೆ ಆಗುವುದೇ ಇಲ್ಲ ಅಂತಾದರೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕೊಡು ಎಂದು ಗಂಡನಿಗೆ ಹೇಳಬಹುದು. ನಿಮ್ಮ ಕೇಸಿನಲ್ಲಿ ಏನಾಗುತ್ತದೆಂದು ಕಾಗದ ನೋಡದೆ ನಾನು ಹೇಳಲಾರೆ.

ಈ ತಪ್ಪು ತಿಳುವಳಿಕೆಗೆ ನಮ್ಮಲ್ಲಿ ಹಳೆಯ ಬೇರು ಉಂಟು. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಇಳಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಗಂಡನ ತರವಾಡಿನಲ್ಲಿ, ಅಂದರೆ ಅವನ ಮೂಲ ಕುಟುಂಬದ ಮನೆಯಲ್ಲಿ, ಹೆಂಡತಿಗೆ ಪಾಲಿಲ್ಲ. ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ಕೇರಳ 1975ರ ಕಾಯ್ದೆಯಲ್ಲಿ ರದ್ದು ಮಾಡಿತು. ಜನರ ತಲೆಯಿಂದ ಅದು ಹೋಗಬೇಕಲ್ಲ!

ಮತ್ತೆ ಈ ಮುಂದೂಡುವ ಚಾಳಿ. ಹಿರಿಯರು ಸೇರುತ್ತಾರೆ. "ಮನೆಯಲ್ಲಿ ನೇಮ ಉಂಟು, ಪತ್ತನಾಜೆ ಕಳೆಯಲಿ, ಮತ್ತೆ ನೋಡುವ." ಪತ್ತನಾಜೆ ಅಂದರೆ ತುಳುನಾಡಿನಲ್ಲಿ ದೈವಗಳ ನೇಮೋತ್ಸವಗಳು ಮುಗಿಯುವ ದಿನ. ಅದು ಕಳೆದರೆ ಆಟಿ ತಿಂಗಳು ಬರುತ್ತದೆ. ಆಟಿಯಲ್ಲಿ ಯಾವುದೂ ಬೇಡ, ಸೋಣ ತಿಂಗಳು ಬರಲಿ. ಹುಡುಗಿಯ ಬೆನ್ನಿನ ಬಾಸುಂಡೆಗೆ ಇದ್ಯಾವ ಲೆಕ್ಕ! ಮದುವೆಯಾದ ವರ್ಷ ಆಟಿಗೆಂದು ತಾಯಿಮನೆಗೆ ಬಂದವಳನ್ನು ಆಮೇಲೆ ಕರೆದುಕೊಂಡು ಹೋಗಲಿಕ್ಕೆ ಯಾರೂ ಬರಲೇ ಇಲ್ಲ. ಅಂಥ ಒಬ್ಬಳ ಕೇಸು ನನ್ನಲ್ಲಿತ್ತು. "ಅವಳಾಗಿ ಬಿಟ್ಟು ಹೋದದ್ದು, ಇನ್ನು ಹಕ್ಕೆಲ್ಲಿ?" ಎಂದು ಗಂಡನ ಕಡೆಯವರ ವಾದ. ಕಾಯ್ದೆಯಲ್ಲಿ ಈಗ ವಾಸವಿರುವವಳು ಎಂದಷ್ಟೇ ಇಲ್ಲ, ಹಿಂದೆ ಯಾವಾಗಲಾದರೂ ವಾಸವಿದ್ದವಳು ಎಂದೂ ಇದೆ. ಅವಳಿಗೆ ಕೊನೆಗೆ ಬಾಡಿಗೆಯ ಆದೇಶವಾಯಿತು. ಆ ಮನೆಗೆ ವಾಪಸು ಹೋಗಲಿಕ್ಕೆ ಅವಳಿಗೂ ಮನಸ್ಸಿರಲಿಲ್ಲ.

ಮಸೀದಿಯ ಜಮಾಅತ್ ಕಮಿಟಿಗೋ ದೈವದ ಚಾವಡಿಗೋ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಎಷ್ಟೋ ಸಂಸಾರಗಳು ಅಲ್ಲೇ ಸರಿಯಾಗಿವೆ. ಆದರೆ ಅಲ್ಲಿ ಕೊಟ್ಟ ಮಾತು ಮುರಿದರೆ ಪೊಲೀಸರು ಬರುವುದಿಲ್ಲ. ಕೋರ್ಟಿನ ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾವ ಧರ್ಮದ ಹೆಂಗಸಾದರೂ ಇದೇ ಕಾಯ್ದೆ.

ಗಡಿಯ ಗೊಂದಲವೂ ಜಾಸ್ತಿ. ಮಂಜೇಶ್ವರದ ಹುಡುಗಿ, ಗಂಡನ ಮನೆ ಪುತ್ತೂರು. ಕೇಸು ಕರ್ನಾಟಕದಲ್ಲೇ ಆಗಬೇಕು ಅಂತ ಅಲೆಯುತ್ತಾರೆ. ಬೇಡ. ಅವಳು ಈಗ ಆಸರೆ ಪಡೆದಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಕೊಡಬಹುದು, ಆದೇಶ ಇಡೀ ದೇಶಕ್ಕೆ ಅನ್ವಯಿಸುತ್ತದೆ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಇನ್ನೊಂದು, ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರೆ ಓದಿಸಿ, ಅರ್ಥ ಕೇಳಿ, ಆಮೇಲೆ ಸಹಿ ಹಾಕಿ. 'ಬೈದ' ಎಂದಷ್ಟೇ ಬರೆದಿದ್ದ ಕಾಗದಕ್ಕೆ ಸಹಿ ಹಾಕಿ ಬಂದವಳ ಕೈಗೆ ಆಗ ಬ್ಯಾಂಡೇಜ್ ಇತ್ತು.